ಹಸು ಎಮ್ಮೆಗಳ ಬೆದೆಯನ್ನು ಗುರುತಿಸುವ ಕ್ರಮ

(ಜಮೀನುದಾರರಿಗೂ ಗ್ರಾಮದ ಯಜಮಾನರಿಗೂ ಉಪಯೋಗವಾಗುವಂತೆ ಸಿದ್ಧಪಡಿಸಿದ ಉಪನ್ಯಾಸ)



ಹೊಲಕ್ಕೆ ಬೀಜ ಬಿತ್ತುವ ಕಾಲದಲ್ಲಿ ರೈತನು ಎಷ್ಟು ಎಚ್ಚರದಿಂದಿರುವನೆಂಬುದನ್ನು ಯಾರಿಗೂ ಹೇಳಬೇಕಾದುದಿಲ್ಲ. ಮಳೆ ಬಿದ್ದ ಮಾರನೆಯ ದಿನವೇ ಅವನು ಹೊಲಕ್ಕೆ ಹೋಗಿ, ಒಂದು ಹಿಡಿ ಮಣ್ಣನ್ನು ಕೈಯಲ್ಲಿ ಹಿಸುಕಿ, ಹದ ಬಂದಿದೆಯೇ ಇಲ್ಲವೇ ಎಂದು ನೋಡುವನು. ಹದಕ್ಕೆ ಮುಂಚೆ ಬಿತ್ತಿದರೂ ಕೆಟ್ಟಿತು, ಹದ ಆರಿದ ಮೇಲೆ ಬಿತ್ತಿದರೂ ಕೆಟ್ಟಿತು ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ತನ್ನ ಕೊಟ್ಟಿಗೆಯಲ್ಲಿ ಕಟ್ಟಿರುವ ಹಸುವಿಗೂ ಇಂಥದೇ ಒಂದು ಹದವುಂಟೆಂಬುದನ್ನೂ, ಅದು 21 ದಿನಗಳಿಗೊಮ್ಮೆ ಬಂದು ಒಂದು ಹಗಲಿನಲ್ಲಿಯೋ ಒಂದು ರಾತ್ರಿಯಲ್ಲಿಯೋ ಕಳೆದುಹೋಗುವುದೆಂಬುದನ್ನೂ ಅದೇ ರೈತನು ಅಷ್ಟಾಗಿ ಮನಸ್ಸಿಗೆ ತಂದುಕೊಳ್ಳುವುದಿಲ್ಲ. ಈ ಹದಕ್ಕೇ ಬೆದೆಯೆಂದು ಹೆಸರು.

ಸಂತೆಗಳಲ್ಲಿಯೂ ಜಾತ್ರೆಗಳಲ್ಲಿಯೂ ಗೊಡ್ಡೆಂದು ಅಗ್ಗದ ಬೆಲೆಗೆ ಮಾರಿಹೋಗುವ ಹಸು ಎಮ್ಮೆಗಳಲ್ಲಿ ಎಲ್ಲವೂ ನಿಜವಾಗಿ ಗೊಡ್ಡಲ್ಲ. ಅನೇಕ ರಾಸುಗಳು ಕ್ರಮವಾಗಿ ಬೆದೆಗೆ ಬರುತ್ತಲೇ ಇರುತ್ತವೆ. ಅದನ್ನು ಕಾಣತಕ್ಕ ಕಣ್ಣು ಮಾತ್ರ ಮನೆಯಲ್ಲಿರುವುದಿಲ್ಲ. ಒಳ್ಳೆಯ ತಳಿಯ ಎಮ್ಮೆಯನ್ನು ಸಾಲ ಮಾಡಿ ತಂದ ಬಡ ಒಕ್ಕಲಿಗನೊಬ್ಬನು ಒಂದು ವರ್ಷ ಅದಕ್ಕೆ ಹುಲ್ಲು ಹಿಂಡಿಗಳನ್ನು ತಿನ್ನಿಸಿ, ಗಬ್ಬವಾಗಲಿಲ್ಲವೆಂದು ಬೇಸತ್ತು, ಅರ್ಧ ಬೆಲೆಗೆ ಮಾರಿದನೆಂದು ಇಟ್ಟುಕೊಳ್ಳಬಹುದು. ಕೊಂಡವನು ತಿಳಿದವನಾದರೆ ಎರಡು ತಿಂಗಳೊಳಗೆ ಅದನ್ನೇ ಗಬ್ಬ ಮಾಡಿಸಿಕೊಳ್ಳುವನು. ಎಮ್ಮೆಯೂ ಅದೇ, ಮೇವೂ ಅದೇ. ಒಬ್ಬನ ಮನೆಯಲ್ಲಿ ಸಾಲವು ಉಳಿಯಿತು, ಇನ್ನೊಬ್ಬನ ಮನೆಯಲ್ಲಿ ಹಾಲು ಕರೆಯಿತು. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದೇ ಈ ಉಪನ್ಯಾಸದ ವಿಷಯ.

1. ಬೆದೆ ತಪ್ಪುವುದರಿಂದಾಗುವ ನಷ್ಟ

ಹಸುವು ಗಬ್ಬ ನಿಂತ ದಿನದಿಂದ ಸುಮಾರು 280 ದಿನಗಳಿಗೆ, ಅಂದರೆ ಒಂಬತ್ತು ತಿಂಗಳು ಒಂಬತ್ತು ದಿನಗಳ ಆಸುಪಾಸಿಗೆ ಈಯುವುದು. ಎಮ್ಮೆಯು ಸುಮಾರು 310 ದಿನಗಳಿಗೆ, ಅಂದರೆ ಹತ್ತು ತಿಂಗಳು ಹತ್ತು ದಿನಗಳ ಆಸುಪಾಸಿಗೆ ಈಯುವುದು. ಈದ ಹಸುವು 85ನೆಯ ದಿನದ ಹೊತ್ತಿಗೆ ಮತ್ತೆ ಗಬ್ಬ ನಿಂತರೆ ವರ್ಷಕ್ಕೊಂದು ಕರುವಿನಂತೆ ಲೆಕ್ಕ ಬರುವುದು. ಒಂದು ಬೆದೆಯು ಕಣ್ಣಿಗೆ ಬೀಳದೆ ಹೋದರೆ 21 ದಿನ ಹೋಯಿತು. ಮೂರು ಬೆದೆಗಳು ತಪ್ಪಿದರೆ 63 ದಿನ ಹೋಯಿತು. ಹೀಗೆ ಹೋದ ದಿನಗಳಲ್ಲಿ ಹಾಲು ದಿನೇ ದಿನೇ ಇಳಿಯುತ್ತ ಬರುವುದೇ ಹೊರತು ಮೇವಿನ ಖರ್ಚು ಇಳಿಯುವುದಿಲ್ಲ.

ಇದನ್ನು ಇನ್ನೊಂದು ವಿಧವಾಗಿ ಲೆಕ್ಕ ಹಾಕಿ ನೋಡಬಹುದು. ಒಂದೇ ತಳಿಯ ಎರಡು ಹಸುಗಳು ಒಂದೇ ದಿನ ಮೊದಲ ಕರು ಹಾಕಿದುವೆನ್ನೋಣ. ಒಂದು 13 ತಿಂಗಳಿಗೊಮ್ಮೆ ಈಯುವುದು, ಮತ್ತೊಂದು 18 ತಿಂಗಳಿಗೊಮ್ಮೆ ಈಯುವುದು. ಮುಂದಿನ 78 ತಿಂಗಳುಗಳಲ್ಲಿ ಮೊದಲನೆಯದು ಇನ್ನೂ 6 ಕರುಗಳನ್ನು ಕೊಟ್ಟರೆ ಎರಡನೆಯದು 4 ಕರುಗಳನ್ನು ಮಾತ್ರ ಕೊಡುವುದು. ಎರಡು ಕರುಗಳೂ ಎರಡು ಈಲಿನ ಹೊಸ ಹಾಲೂ ಆ ಮನೆಗೆ ನಷ್ಟವಾದುವು. ಕಳ್ಳನು ಕೊಟ್ಟಿಗೆಯಿಂದ ಒಂದು ಕರುವನ್ನು ಹೊಡೆದುಕೊಂಡು ಹೋದರೆ ಊರೆಲ್ಲ ಏಳುವುದು. ಬೆದೆ ತಪ್ಪಿ ಹೋದ ಕರುವಿಗಾಗಿ ಯಾರೂ ಏಳುವುದಿಲ್ಲ.

2. ಬೆದೆಯೆಂದರೇನು

ವಯಸ್ಸಿಗೆ ಬಂದ ಕಡಸಿನ ಅಂಡಾಶಯದಲ್ಲಿ ಸುಮಾರು 21 ದಿನಗಳಿಗೊಂದರಂತೆ ಒಂದು ಅಂಡವು ಬಲಿಯುವುದು. ಕೆಲವು ರಾಸುಗಳಲ್ಲಿ ಈ ಅವಧಿಯು 18 ದಿನಗಳಿಗೆ ಇಳಿಯಬಹುದು. ಕೆಲವುಗಳಲ್ಲಿ 24 ದಿನಗಳಿಗೆ ಏರಬಹುದು. ಅಂಡವು ಬಲಿಯುವ ಕಾಲಕ್ಕೆ ರಕ್ತದಲ್ಲಿ ಸೇರುವ ಒಂದು ರಸದ ಪ್ರಭಾವದಿಂದ ಹಸುವು ಹೋರಿಯನ್ನು ಬಯಸುವುದು. ಹೀಗೆ ಬಯಸುವ ಹೊತ್ತು ಸಾಮಾನ್ಯವಾಗಿ 12ರಿಂದ 18 ಗಂಟೆಗಳು. ನಮ್ಮ ನಾಡಿನ ಭುಜದ ಹಸುಗಳಲ್ಲಿ ಇದು ಇನ್ನೂ ಕಡಮೆಯಾಗಿರುವುದುಂಟು. ಬೆದೆಯು ಆರಿ 10ರಿಂದ 14 ಗಂಟೆಗಳಾದ ಮೇಲೆ ಅಂಡವು ಹೊರಬೀಳುವುದು. ಹೊರಬಿದ್ದ ಅಂಡವು ಕೆಲವೇ ಗಂಟೆಗಳ ಕಾಲ ಫಲಕ್ಕೆ ಯೋಗ್ಯವಾಗಿದ್ದು ಆಮೇಲೆ ನಾಶವಾಗುವುದು. ಅಷ್ಟರೊಳಗೆ ಹೋರಿಯ ಬೀಜವು ಅಲ್ಲಿ ಸಿದ್ಧವಾಗಿದ್ದರೆ ಗಬ್ಬ ನಿಲ್ಲುವುದು, ಇಲ್ಲದಿದ್ದರೆ ಇಲ್ಲ.

ಹಿಂದಿನ ಕಾಲದಲ್ಲಿ ಈ ವಿಷಯವನ್ನು ರೈತನು ಇಷ್ಟು ಸೂಕ್ಷ್ಮವಾಗಿ ತಿಳಿಯಬೇಕಾಗಿರಲಿಲ್ಲ. ಗೋಮಾಳಗಳಲ್ಲಿಯೂ ಕಾವಲುಗಳಲ್ಲಿಯೂ ಹಿಂಡಿನೊಡನೆ ಹೋರಿಯೂ ಮೇಯುತ್ತಿದ್ದಿತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೂ, ಟಿಪ್ಪೂ ಸುಲ್ತಾನರ ಕಾಲದಲ್ಲಿ ಅದಕ್ಕೆ ಬಂದ ಅಮೃತಮಹಲ್ ಎಂಬ ಹೆಸರೂ ಈ ನಾಡಿನವರಿಗೆ ತಿಳಿದೇ ಇವೆ. ಅಂಥ ಹಿಂಡುಗಳಲ್ಲಿ ಯಾವ ಹಸುವು ಬೆದೆಗೆ ಬಂದಿತೆಂಬುದನ್ನು ಹುಡುಕುವ ಕೆಲಸವು ಹೋರಿಯದೇ ಆಗಿದ್ದಿತು. ಈಗ ಗೋಮಾಳಗಳು ಕುಗ್ಗಿವೆ. ಒಂದೆರಡು ಹಸುಗಳನ್ನು ಕಣ್ಣಿಯಲ್ಲಿ ಕಟ್ಟಿ ಸಾಕುವ ಮನೆಗಳೇ ಹೆಚ್ಚು. ಕಟ್ಟಿದ ಹಸುವಿನ ಬೆದೆಯನ್ನು ಹೋರಿಯು ಬಂದು ಹೇಳುವುದಿಲ್ಲ. ಆದಕಾರಣ ಹೋರಿಯು ಮಾಡುತ್ತಿದ್ದ ಕೆಲಸವನ್ನು ಮನೆಯವರ ಕಣ್ಣೇ ಮಾಡಬೇಕಾಗಿದೆ.

3. ಹಸುವಿನಲ್ಲಿ ಕಾಣುವ ಲಕ್ಷಣಗಳು

ಬೆದೆಯ ಲಕ್ಷಣಗಳು ಒಂದರ ಹಿಂದೊಂದು ಬರುವುವು. ಅವುಗಳನ್ನು ಮೂರು ಘಟ್ಟಗಳಾಗಿ ವಿಂಗಡಿಸಿದರೆ ಜ್ಞಾಪಕದಲ್ಲಿಟ್ಟುಕೊಳ್ಳುವುದು ಸುಲಭ.

ಮೊದಲನೆಯದು ಬೆದೆಯು ಹತ್ತಿರವಾಗುವ ಹೊತ್ತು. ಈಗ ಹಸುವು ನಿಂತಲ್ಲಿ ನಿಲ್ಲದು. ಮೇವಿನ ಮೇಲೆ ಆಸೆ ಕಡಮೆಯಾಗುವುದು. ಹಗ್ಗವನ್ನು ಜಗ್ಗುವುದು, ಕಿವಿ ನಿಗುರಿಸಿ ಸುತ್ತಲೂ ನೋಡುವುದು, ಆಗಾಗ ಕೂಗುವುದು, ಬೇರೆ ರಾಸುಗಳ ಹಿಂಭಾಗವನ್ನು ಮೂಸುವುದು, ಅವುಗಳ ಮೇಲೆ ಹಾರುವುದು. ಆದರೆ ತನ್ನ ಮೇಲೆ ಬೇರೊಂದು ರಾಸು ಹಾರಲು ಬಂದರೆ ನಿಲ್ಲದೆ ಓಡುವುದು. ಇದು ಇನ್ನೂ ಹದವಲ್ಲ.

ಎರಡನೆಯದು ನಿಜವಾದ ಬೆದೆ. ಬೇರೆ ರಾಸು ತನ್ನ ಮೇಲೆ ಹಾರಿದಾಗ ಹಸುವು ಅಲುಗದೆ ನಿಂತುಕೊಳ್ಳುವುದು. ಎಲ್ಲ ಲಕ್ಷಣಗಳಲ್ಲಿ ಇದೇ ಮುಖ್ಯವಾದುದು. ಹಾರಿದ ಹಸುವನ್ನೇ ಬೆದೆಯ ಹಸುವೆಂದು ತಿಳಿಯುವುದು ಅನೇಕರು ಮಾಡುವ ತಪ್ಪು. ನಿಂತು ಕೊಟ್ಟ ಹಸುವೇ ಬೆದೆಯ ಹಸು. ಇದಲ್ಲದೆ, ಯೋನಿಯ ತುಟಿಗಳು ಊದಿ, ಒಳಗೆ ಕೆಂಪಗೆ ಹಸಿಯಾಗಿ ಕಾಣುವುವು. ಕೋಳಿಮೊಟ್ಟೆಯ ಬಿಳಿಯ ಭಾಗದಂತೆ ತಿಳಿಯಾದ ಲೋಳೆಯು ಹಗ್ಗದಂತೆ ಇಳಿಬೀಳುವುದು; ಬಾಲಕ್ಕೂ ತೊಡೆಗೂ ಅಂಟಿಕೊಂಡಿರುವುದು. ಬಾಲವನ್ನು ಸ್ವಲ್ಪ ಎತ್ತಿ ಪಕ್ಕಕ್ಕೆ ಹಿಡಿಯುವುದು. ಗಂಜಲವನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಮತ್ತೆ ಹುಯ್ಯುವುದು. ಕರೆಯುವ ಹಸುವಾದರೆ ಆ ಹೊತ್ತಿನ ಹಾಲು ಕಡಮೆಯಾಗುವುದು. ಬಾಲದ ಬುಡದ ಮೇಲೆ ಕೂದಲು ಕೆದರಿ ಮಣ್ಣಾಗಿದ್ದರೆ, ಯಾರೂ ನೋಡದಿರುವಾಗ ಬೇರೆ ರಾಸುಗಳು ಅದರ ಮೇಲೆ ಹಾರಿರುವುವೆಂದು ತಿಳಿಯಬೇಕು.

ಮೂರನೆಯದು ಬೆದೆಯು ಆರುವ ಹೊತ್ತು. ಹಸುವು ಶಾಂತವಾಗಿ ಮೇವಿಗೆ ಬಾಯಿ ಹಾಕುವುದು. ಹಾರಲು ಬಂದರೆ ನಿಲ್ಲುವುದಿಲ್ಲ. ಲೋಳೆಯು ಗಟ್ಟಿಯಾಗಿ ಬಾಲದ ಮೇಲೆ ಒಣಗಿರುವುದು. ಇದಾದ ಒಂದರಿಂದ ಮೂರು ದಿನಗಳೊಳಗೆ ಕೆಲವು ಹಸುಗಳಲ್ಲಿ, ವಿಶೇಷವಾಗಿ ಕಡಸುಗಳಲ್ಲಿ, ರಕ್ತ ಬೆರೆತ ಲೋಳೆಯು ಸ್ವಲ್ಪ ಕಾಣಿಸಿಕೊಳ್ಳುವುದು. ಇದನ್ನು ಕಂಡು ಗಬ್ಬ ಕರಗಿತೆಂದು ಕೆಲವರು ಹೆದರುವರು. ಇದೇ ಬೆದೆಯೆಂದು ಕೆಲವರು ಹೋರಿಯ ಬಳಿಗೆ ಓಡಿಸುವರು. ಎರಡೂ ಸರಿಯಲ್ಲ. ಬೆದೆಯು ಈಗ ತಾನೇ ಕಳೆಯಿತೆಂಬುದನ್ನು ಮಾತ್ರ ಅದು ತಿಳಿಸುವುದು. ಬೆದೆಯನ್ನು ನೋಡದೆ ಈ ರಕ್ತವನ್ನು ಮಾತ್ರ ನೋಡಿದ ರೈತನು ಆ ದಿನವನ್ನು ಬರೆದಿಟ್ಟುಕೊಂಡು, ಅಲ್ಲಿಂದ 16ನೆಯ ದಿನ ಮೊದಲ್ಗೊಂಡು ಎಚ್ಚರದಿಂದ ಕಾದಿದ್ದರೆ ಮುಂದಿನ ಬೆದೆಯು ತಪ್ಪುವುದಿಲ್ಲ.

ಲೋಳೆಯ ಬಣ್ಣವನ್ನೂ ಲಕ್ಷ್ಯವಿಟ್ಟು ನೋಡಬೇಕು. ಅದು ಗಾಜಿನಂತೆ ತಿಳಿಯಾಗಿದ್ದರೆ ಸರಿ. ಮಬ್ಬಾಗಿ, ಬಿಳಿಯ ಕೀವಿನ ಎಳೆಗಳಿಂದ ಕೂಡಿದ್ದರೆ ಅಥವಾ ದುರ್ವಾಸನೆಯಿದ್ದರೆ ಗರ್ಭಕೋಶದಲ್ಲಿ ರೋಗವಿದೆಯೆಂದು ತಿಳಿದು, ಆ ಬೆದೆಯಲ್ಲಿ ಹೋರಿ ಕೊಡಿಸದೆ ಪಶುವೈದ್ಯರಿಗೆ ತೋರಿಸಬೇಕು.

4. ಎಮ್ಮೆಯ ಮೂಕ ಬೆದೆ

ಹಸುವಿನ ಬೆದೆಯು ಕೂಗಿ ಹೇಳಿದಂತಿರುವುದು. ಎಮ್ಮೆಯ ಬೆದೆಯು ಪಿಸುಮಾತಿನಂತಿರುವುದು. ಇದಕ್ಕೆ ಮೂಕ ಬೆದೆಯೆಂದು ಹೆಸರಾಗಿರುವುದು ಯುಕ್ತವೇ ಸರಿ. ಎಮ್ಮೆಗಳು ಒಂದರ ಮೇಲೊಂದು ಹಾರುವುದು ಹಸುಗಳಲ್ಲಿರುವಷ್ಟು ಸಾಮಾನ್ಯವಲ್ಲ. ಲೋಳೆಯೂ ಅಷ್ಟಾಗಿ ಇಳಿಬೀಳುವುದಿಲ್ಲ. ಎಮ್ಮೆಯು ಮಲಗಿದಾಗ ನೆಲದ ಮೇಲೆ ಸ್ವಲ್ಪ ಬಿದ್ದು, ಎದ್ದಾಗ ಸಗಣಿ ಗಂಜಲಗಳಲ್ಲಿ ಕಲೆತುಹೋಗುವುದು. ಆದುದರಿಂದ ಬೆಳಗ್ಗೆ ಕಸ ಗುಡಿಸುವ ಮುಂಚೆ ಎಮ್ಮೆಯು ಮಲಗಿದ್ದ ಸ್ಥಳವನ್ನೂ ಅದರ ಬಾಲವನ್ನೂ ನೋಡುವ ಅಭ್ಯಾಸವಿರಬೇಕು.

ಎಮ್ಮೆಯಲ್ಲಿ ಗಮನಿಸತಕ್ಕ ಇತರ ಗುರುತುಗಳು ಇವು: ಯೋನಿಯ ತುಟಿಗಳು ಊದಿ ಅವುಗಳ ಮೇಲಿನ ಸುಕ್ಕುಗಳು ಬಿಟ್ಟುಕೊಳ್ಳುವುವು, ಗಂಜಲವನ್ನು ಆಗಾಗ ಹುಯ್ಯುವುದು, ಕರೆಯುವ ಹೊತ್ತಿಗಲ್ಲದೆ ಬೇರೆ ಹೊತ್ತಿನಲ್ಲಿಯೂ ಮೊಲೆತೊಟ್ಟುಗಳು ಬಿಗಿದು ನಿಲ್ಲುವುವು, ಕರೆಯಲು ಕುಳಿತರೆ ಹಾಲನ್ನು ಬೇಗ ಇಳಿಸುವುದಿಲ್ಲ, ಕೆಲವು ಎಮ್ಮೆಗಳು ರಾತ್ರಿಯ ಹೊತ್ತು ಕೂಗುವುವು. ಇವುಗಳಲ್ಲಿ ಒಂದನ್ನೇ ನಂಬಿ ನಿಶ್ಚಯಿಸಬಾರದು. ಎರಡು ಮೂರು ಒಟ್ಟಿಗೆ ಕಂಡಾಗ ಬೆದೆಯೆಂದು ತಿಳಿಯಬೇಕು.

ಎಮ್ಮೆಯ ಕಪ್ಪು ಚರ್ಮವು ಬಿಸಿಲನ್ನು ತಡೆಯಲಾರದು. ಆದುದರಿಂದ ಬೇಸಗೆಯಲ್ಲಿ ಅನೇಕ ಎಮ್ಮೆಗಳು ಬೆದೆಗೆ ಬರುವುದಿಲ್ಲ. ಬಂದರೂ ರಾತ್ರಿಯ ತಂಪಿನಲ್ಲಿ ಬಂದು ಬೆಳಗಾಗುವುದರೊಳಗೆ ಆರುವುದು. ಮಳೆಗಾಲವು ಹಿಂದಾಗಿ ಹೊತ್ತು ಕುಗ್ಗುತ್ತ ಬರುವ ಭಾದ್ರಪದ ಆಶ್ವಯುಜಗಳಿಂದ ಮಾಘದವರೆಗೆ ಎಮ್ಮೆಗಳು ಹೆಚ್ಚಾಗಿ ಬೆದೆಗೆ ಬರುವುವು. ಈ ಕಾಲವನ್ನು ಕಳೆದುಕೊಂಡವನು ಮುಂದಿನ ಮಳೆಗಾಲದವರೆಗೆ ಕಾಯಬೇಕಾಗಬಹುದು. ಬೇಸಗೆಯಲ್ಲಿ ನೆರಳೂ, ಕುಡಿಯಲು ಬೇಕಾದಷ್ಟು ನೀರೂ, ಮಧ್ಯಾಹ್ನದಲ್ಲಿ ಮೈಮೇಲೆ ನೀರು ಹುಯ್ಯುವುದೂ, ಕೆರೆಯಲ್ಲಿ ಈಜಿಸುವುದೂ ಎಮ್ಮೆಗೆ ಸುಖವನ್ನುಂಟುಮಾಡುವುದಲ್ಲದೆ ಬೆದೆಗೂ ಸಹಾಯಕವಾಗಿವೆ.

5. ನೋಡತಕ್ಕ ಹೊತ್ತು, ಹೋರಿ ಕೊಡಿಸತಕ್ಕ ಹೊತ್ತು

ದಿನಕ್ಕೆ ಎರಡು ಸಲ, ನಸುಕಿನಲ್ಲಿಯೂ ದೀಪ ಹಚ್ಚುವ ಹೊತ್ತಿನಲ್ಲಿಯೂ, ಅರ್ಧ ಗಂಟೆಯ ಕಾಲ ರಾಸುಗಳನ್ನು ಬೇರೆ ಕೆಲಸವಿಲ್ಲದೆ ನೋಡಬೇಕು. ರಾತ್ರಿ ಮಲಗುವ ಮುಂಚೆ ಇನ್ನೊಂದು ಸಲ ನೋಡಿದರೆ ಮತ್ತೂ ಒಳ್ಳೆಯದು. ಮೇವು ಹಾಕಿದ ಕೂಡಲೇ ನೋಡಿದರೆ ಪ್ರಯೋಜನವಿಲ್ಲ. ಆಗ ಎಲ್ಲ ರಾಸುಗಳ ಮನಸ್ಸೂ ಗೋದಲಿಯಲ್ಲಿರುವುದು. ಸಾಧ್ಯವಿದ್ದವರು ಆ ಹೊತ್ತಿನಲ್ಲಿ ಕಣ್ಣಿಯನ್ನು ಬಿಚ್ಚಿ ರಾಸುಗಳನ್ನು ಅಂಗಳದಲ್ಲಿ ಒಟ್ಟಿಗೆ ಬಿಡಬೇಕು. ಕಟ್ಟಿದ ಹಸುವು ಹಾರುವುದೂ ನಿಲ್ಲುವುದೂ ಹೇಗೆ ತಿಳಿಯಬೇಕು?

ಹಸಿದ ಹಸುವೂ ಕೂಗುವುದು, ಕರುವನ್ನು ಅಗಲಿದ ಹಸುವೂ ಕೂಗುವುದು. ಮೇವು ಹಾಕಿದರೂ ಕರುವನ್ನು ತೋರಿಸಿದರೂ ಕೂಗು ನಿಲ್ಲದಿದ್ದರೆ ಆಗ ಬೆದೆಯ ಇತರ ಗುರುತುಗಳನ್ನು ಹುಡುಕಬೇಕು.

ಹೋರಿ ಕೊಡಿಸುವುದಕ್ಕೆ ಅಥವಾ ಕೃತಕ ಗರ್ಭಧಾರಣೆ ಮಾಡಿಸುವುದಕ್ಕೆ ನಿಯಮವು ಸುಲಭವಾಗಿದೆ. ಬೆಳಗ್ಗೆ ಬೆದೆ ಕಂಡರೆ ಅದೇ ದಿನ ಸಂಜೆ. ಸಂಜೆ ಬೆದೆ ಕಂಡರೆ ಮಾರನೆಯ ದಿನ ಬೆಳಗ್ಗೆ. ಹೀಗೆ ಮಾಡಿದರೆ ಅಂಡವು ಹೊರಬೀಳುವ ಹೊತ್ತಿಗೆ ಬೀಜವು ಸಿದ್ಧವಾಗಿರುವುದು. ಮಾರನೆಯ ದಿನವೂ ಬೆದೆಯು ಆರದೆ ಇದ್ದರೆ ಇನ್ನೊಂದು ಸಲ ಮಾಡಿಸಬೇಕು. ಕೂಗಿದ ಕೂಡಲೇ ಅವಸರಪಟ್ಟು ಎಳೆದುಕೊಂಡು ಹೋಗುವವನೂ, ಹೊಲದ ಕೆಲಸ ಮುಗಿಸಿ ನಾಳೆ ನಾಡಿದ್ದು ಹೋದರಾಯಿತೆಂದು ತಡಮಾಡುವವನೂ ಒಂದೇ ಫಲವನ್ನು ಪಡೆಯುವರು. ಹೋರಿ ಕೊಡಿಸಿದ ಮೇಲೆ ಹಸುವನ್ನು ಬಿಸಿಲಿನಲ್ಲಿ ಓಡಿಸಬಾರದು, ಹೊಡೆಯಬಾರದು. ನಿಧಾನವಾಗಿ ನಡೆಸಿಕೊಂಡು ಬಂದು ನೆರಳಿನಲ್ಲಿ ಕಟ್ಟಬೇಕು.

6. ಸಂತೆಯ ಲೆಕ್ಕ

ಇಪ್ಪತ್ತೊಂದು ದಿನಗಳೆಂದರೆ ಸರಿಯಾಗಿ ಮೂರು ವಾರಗಳು. ಆದುದರಿಂದ ಓದು ಬರಹ ಬಾರದವರೂ ಬೆದೆಯ ಲೆಕ್ಕವನ್ನು ಸಂತೆಯಿಂದ ಇಟ್ಟುಕೊಳ್ಳಬಹುದು. ಸಂತೆಯ ದಿನ ಹಸುವು ಬೆದೆಗೆ ಬಂದಿದ್ದರೆ, ಮುಂದಿನ ಸಂತೆಯಿಂದ ಎಣಿಸಿ ಮೂರನೆಯ ಸಂತೆಯ ದಿನ ಮತ್ತೆ ನೋಡಬೇಕು. ಹಿಂದೆ ಮೂರು ದಿನ ಮುಂದೆ ಮೂರು ದಿನ ಹೆಚ್ಚಾಗಿ ಎಚ್ಚರವಿರಬೇಕು. ಸೋಮವಾರ ಬಂದ ಬೆದೆಯು ಸಾಧಾರಣವಾಗಿ ಸೋಮವಾರದ ಹಿಂದೆ ಮುಂದೆಯೇ ಮರಳುವುದು. ಹಾಗೆಯೇ 280 ದಿನಗಳೆಂದರೆ 40 ಸಂತೆಗಳು. ಗಬ್ಬ ನಿಂತ ಹಸುವು 40ನೆಯ ಸಂತೆಯ ಆಸುಪಾಸಿಗೆ ಈಯುವುದು. ಎಮ್ಮೆಯು 44ನೆಯ ಸಂತೆ ಕಳೆಯುತ್ತಲೇ ಈಯುವುದು. ಈಯುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಬೇಕಾದುದರಿಂದ, ಹಸುವಿಗೆ 31ನೆಯ ಸಂತೆಯಲ್ಲಿಯೂ ಎಮ್ಮೆಗೆ 35ನೆಯ ಸಂತೆಯಲ್ಲಿಯೂ ಕರೆಯುವುದನ್ನು ನಿಲ್ಲಿಸತಕ್ಕದ್ದು.

ಕೊಟ್ಟಿಗೆಯ ಗೋಡೆಯ ಮೇಲೆ ಮಳೆ ತಗಲದ ಕಡೆ ಒಂದೊಂದು ರಾಸಿಗೂ ಒಂದೊಂದು ಸಾಲನ್ನು ಸುಣ್ಣದಿಂದ ಎಳೆದು, ಈದ ದಿನ, ಬೆದೆ ಕಂಡ ದಿನ, ಹೋರಿ ಕೊಡಿಸಿದ ದಿನ, ಇವುಗಳನ್ನು ಇದ್ದಿಲಿನಿಂದ ಬರೆದರೂ ಸಾಕು. ಸಾಲ ಕೊಟ್ಟ ಲೆಕ್ಕವನ್ನು ಯಾರೂ ನೆನಪಿಗೆ ಬಿಡುವುದಿಲ್ಲ. ಬೆದೆಯ ಲೆಕ್ಕವನ್ನೂ ನೆನಪಿಗೆ ಬಿಡಬಾರದು.

ಹೋರಿ ಕೊಡಿಸಿ 21 ದಿನಗಳಾದ ಮೇಲೆ ಬೆದೆಯು ಮರಳದಿದ್ದರೆ ಗಬ್ಬವೆಂಬ ಆಸೆಯುಂಟೇ ಹೊರತು ನಿಶ್ಚಯವಿಲ್ಲ. ಮೂಕ ಬೆದೆಯು ಬಂದು ಹೋಗಿರಬಹುದು. ಗರ್ಭಕೋಶದಲ್ಲಿ ಕೀವು ನಿಂತು ಬೆದೆಯೇ ನಿಂತುಹೋಗಿರಬಹುದು. ಆದುದರಿಂದ ಎರಡರಿಂದ ಮೂರು ತಿಂಗಳೊಳಗೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಇದಕ್ಕೆ ವಿರುದ್ಧವಾದ ಸಂಗತಿಯೂ ಒಂದುಂಟು. ನೂರು ಗಬ್ಬದ ಹಸುಗಳಲ್ಲಿ ಮೂರರಿಂದ ಐದು ಹಸುಗಳು ಗಬ್ಬದಲ್ಲಿರುವಾಗಲೇ ಬೆದೆಯಂತೆ ತೋರಿಸಿಕೊಳ್ಳುವುವು. ಇದನ್ನು ತಿಳಿಯದೆ ಕೃತಕ ಗರ್ಭಧಾರಣೆ ಮಾಡಿಸಿದರೆ ನಳಿಕೆಯು ಗರ್ಭಕೋಶದ ಬಾಯನ್ನು ದಾಟಿ ಒಳಗಿನ ಕಂದನನ್ನು ಕೆಡಿಸುವುದು. ಹಿಂದೆ ಹೋರಿ ಕೊಡಿಸಿದ ಹಸುವು ತಿಂಗಳುಗಳ ಮೇಲೆ ಬೆದೆಯಂತೆ ಕಂಡರೆ, ಆ ಸಂಗತಿಯನ್ನು ಮೊದಲು ವೈದ್ಯರಿಗೆ ತಿಳಿಸಿ ಪರೀಕ್ಷೆ ಮಾಡಿಸಿ ಮುಂದುವರಿಯಬೇಕು.

7. ಈದ ಹಸುವೂ ಹೊಸ ಕಡಸೂ

ಈದ ಕೂಡಲೇ ಗರ್ಭಕೋಶವು ತನ್ನ ಮೊದಲಿನ ಗಾತ್ರಕ್ಕೆ ಬರುವುದಿಲ್ಲ; ಅದಕ್ಕೆ ಸುಮಾರು 40ರಿಂದ 45 ದಿನಗಳು ಬೇಕು. ಅಷ್ಟರೊಳಗೆ ಬೆದೆ ಕಂಡರೂ ಗುರುತು ಹಾಕಿಕೊಳ್ಳಬೇಕೇ ಹೊರತು ಹೋರಿ ಕೊಡಿಸಬಾರದು. ಎರಡು ತಿಂಗಳಾದ ಮೇಲೆ ಬರುವ ಬೆದೆಯಲ್ಲಿ ಕೊಡಿಸುವುದು ಯುಕ್ತ. ಮೂರು ತಿಂಗಳು ಕಳೆದರೂ ಬೆದೆಯೇ ಕಾಣದಿದ್ದರೆ ಸುಮ್ಮನಿರಬಾರದು.

ಕಡಸುಗಳ ವಿಷಯದಲ್ಲಿ ವಯಸ್ಸಿಗಿಂತ ಮೈಯ ಬೆಳವಣಿಗೆಯೇ ಮುಖ್ಯ. ಆಯಾ ತಳಿಯ ಬೆಳೆದ ಹಸುವಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಬಂದಿರಬೇಕು. ಮಿಶ್ರತಳಿಯ ಕಡಸಿಗೆ ಸುಮಾರು 250 ಕಿಲೋಗ್ರಾಂ ತೂಕವೂ, ದೊಡ್ಡ ಜಾತಿಯ ಎಮ್ಮೆಯ ಮಣಕಕ್ಕೆ ಸುಮಾರು 300 ಕಿಲೋಗ್ರಾಂ ತೂಕವೂ ಇರುವುದು ಲೇಸು. ಬೆದೆಗೆ ಬಂದಿತೆಂದು ಎಳೆಯ ಕಡಸಿಗೆ ಹೋರಿ ಕೊಡಿಸಿದರೆ ಈಯುವಾಗ ಕರುವು ಸಿಕ್ಕಿಕೊಂಡು ತಾಯಿ ಕರು ಎರಡಕ್ಕೂ ಅಪಾಯವಾಗಬಹುದು. ಹಾಲು ಕೊಡುವುದಿಲ್ಲವೆಂದು ಹೆಣ್ಣುಗರುವಿಗೆ ಹೊಟ್ಟೆಗೆ ಕಡಮೆ ಮಾಡುವ ಪದ್ಧತಿಯಿಂದಲೇ ಅನೇಕ ಕಡಸುಗಳು ನಾಲ್ಕೈದು ವರ್ಷಗಳಾದರೂ ಬೆದೆಗೆ ಬರುವುದಿಲ್ಲ. ಕರುವಿನ ಹೊಟ್ಟೆಯಲ್ಲಿ ಉಳಿಸಿದುದನ್ನು ಹಸುವಿನ ಕಾಲದಲ್ಲಿ ಎರಡರಷ್ಟಾಗಿ ತೆರಬೇಕಾಗುವುದು.

8. ಬೆದೆಗೆ ಬಾರದಿದ್ದರೆ, ಗಬ್ಬ ನಿಲ್ಲದಿದ್ದರೆ

ಬೆದೆಗೆ ಬಾರದಿರುವುದಕ್ಕೆ ಮೊದಲನೆಯ ಕಾರಣವು ಹಸಿವು. ಒಣ ಹುಲ್ಲನ್ನು ಮಾತ್ರ ತಿಂದು ಪಕ್ಕೆಲುಬು ಕಾಣುವ ಹಸುವಿನ ದೇಹವು ತನ್ನ ಪ್ರಾಣವನ್ನು ಉಳಿಸಿಕೊಳ್ಳುವುದರಲ್ಲಿಯೇ ಇರುವುದು. ಇನ್ನೊಂದು ಪ್ರಾಣವನ್ನು ಹೊರುವ ಯೋಚನೆಯು ಅದಕ್ಕಿಲ್ಲ. ಹಸಿರು ಮೇವು, ಹಿಂಡಿ, ಬೂಸಾ ಇವುಗಳ ಜೊತೆಗೆ ಖನಿಜ ಮಿಶ್ರಣವನ್ನು ದಿನವೂ ಕೊಡಬೇಕು. ರಂಜಕವೇ ಮೊದಲಾದ ಖನಿಜಗಳ ಕೊರತೆಯಿಂದಲೂ ಬೆದೆಯು ನಿಲ್ಲುವುದುಂಟು. ಹೊಟ್ಟೆಯ ಹುಳುಗಳಿಗೂ ವೈದ್ಯರ ಸಲಹೆಯಂತೆ ಔಷಧ ಹಾಕಿಸಬೇಕು.

ಕ್ರಮವಾಗಿ ಬೆದೆಗೆ ಬಂದು, ಸರಿಯಾದ ಹೊತ್ತಿನಲ್ಲಿ ಮೂರು ಸಲ ಹೋರಿ ಕೊಡಿಸಿದರೂ ಗಬ್ಬ ನಿಲ್ಲದಿದ್ದರೆ ನಾಲ್ಕನೆಯ ಸಲಕ್ಕೆ ಮುಂಚೆ ವೈದ್ಯರಿಗೆ ತೋರಿಸಬೇಕು. ಹರಕೆಯನ್ನು ಹೊರಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಹರಕೆ ಹೊತ್ತವನೂ ಹಸುವನ್ನು ವೈದ್ಯರ ಬಳಿಗೆ ಹೊಡೆದುಕೊಂಡು ಹೋಗಬೇಕು.

ಐದು ತಿಂಗಳು ಕಳೆದ ಗಬ್ಬವು ಕಂದಹಾಕಿದರೆ ಅದನ್ನು ಅಲಕ್ಷ್ಯ ಮಾಡಬಾರದು. ಬ್ರೂಸೆಲ್ಲಾ ಎಂಬ ಸೂಕ್ಷ್ಮಾಣುವಿನಿಂದ ಹೀಗಾಗುವುದುಂಟು. ಅದು ಒಂದರಿಂದ ಒಂದಕ್ಕೆ ಹರಡುವುದು, ಮನುಷ್ಯರಿಗೂ ಅಂಟಿ ಬಹುಕಾಲ ಜ್ವರವನ್ನೂ ಕೀಲುನೋವನ್ನೂ ತರುವುದು. ಬಿದ್ದ ಕಂದನ್ನೂ ಮಾಸನ್ನೂ ಬರಿಯ ಕೈಯಿಂದ ಮುಟ್ಟದೆ, ನಾಯಿಗಳಿಗೆ ಎಸೆಯದೆ, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಹಾಲನ್ನು ಚೆನ್ನಾಗಿ ಕಾಯಿಸಿಯೇ ಕುಡಿಯಬೇಕು. ಹೆಣ್ಣುಗರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಇದಕ್ಕೆ ಲಸಿಕೆ ಹಾಕಿಸಬಹುದು.

9. ಹೋರಿಯ ವಿಷಯ

ಯಾವ ಬೀಜವನ್ನು ಬಿತ್ತಿದರೆ ಅದೇ ಬೆಳೆ. ಗೋಮಾಳದಲ್ಲಿ ಅಲೆಯುವ ಸಣಕಲು ಹೋರಿಯು ಮೊದಲು ಬಂದುದೆಂದು ಅದಕ್ಕೇ ಬಿಡುವುದರಿಂದ ತಳಿಯು ವರ್ಷೇ ವರ್ಷೇ ಇಳಿಯುವುದು. ಒಂದೇ ಹೋರಿಯು ಬಹುಕಾಲ ಒಂದೇ ಊರಿನಲ್ಲಿದ್ದರೆ ತನ್ನ ಮಗಳಿಗೇ ಸೇರಿ ಸಂತಾನವು ಕ್ಷೀಣಿಸುವುದು. ಆದಕಾರಣ ಮೂರು ವರ್ಷಗಳೊಳಗಾಗಿ ಹೋರಿಯನ್ನು ಬೇರೆ ಊರಿಗೆ ಬದಲಾಯಿಸಿಕೊಳ್ಳಬೇಕು. ರೋಗವಿರುವ ಹಸುವಿಗೆ ಹಾರಿದ ಹೋರಿಯು ಆ ರೋಗವನ್ನು ಊರಿನ ಎಲ್ಲ ಹಸುಗಳಿಗೂ ಹಂಚುವುದೆಂಬುದನ್ನೂ ಮರೆಯಬಾರದು.

ಕೃತಕ ಗರ್ಭಧಾರಣೆಯಲ್ಲಿ ಈ ಭಯಗಳು ಕಡಮೆ. ಇದು ಈ ನಾಡಿಗೆ ಹೊಸದೂ ಅಲ್ಲ. ಭಾರತದಲ್ಲಿ ಇದನ್ನು ಮೊದಲು ಮಾಡಿದುದು ಮೈಸೂರಿನಲ್ಲಿಯೇ. 1939ರಲ್ಲಿ ಅರಮನೆಯ ಹಾಲಿನ ಕ್ಷೇತ್ರದಲ್ಲಿ ಸಂಪತ್ ಕುಮಾರನ್ ಎಂಬುವರು ಹಳ್ಳಿಕಾರ್ ಹಸುಗಳಿಗೆ ಈ ಕ್ರಮದಿಂದ ಗಬ್ಬ ನಿಲ್ಲಿಸಿದರು. ಎಮ್ಮೆಯಲ್ಲಿ ಈ ವಿಧದಿಂದ ಹುಟ್ಟಿದ ಮೊದಲನೆಯ ಕರುವನ್ನು ಅಲಹಾಬಾದಿನ ವ್ಯವಸಾಯ ಸಂಸ್ಥೆಯು 1943ರಲ್ಲಿ ಪಡೆಯಿತು. ಈಗ ಒಳ್ಳೆಯ ಹೋರಿಗಳ ಬೀಜವನ್ನು ಸಣ್ಣ ಕಡ್ಡಿಗಳಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯವುಳ್ಳ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡಬಹುದಾಗಿದೆ. ಆದರೆ ಒಂದು ವಿಷಯವನ್ನು ಎಲ್ಲರೂ ನೆನಪಿಡಬೇಕು. ಹೋರಿಯು ಬೆದೆಯನ್ನು ತಾನೇ ಹುಡುಕುತ್ತಿದ್ದಿತು, ಕಡ್ಡಿಯು ಹುಡುಕುವುದಿಲ್ಲ. ರೈತನು ಬೆದೆಯನ್ನು ಗುರುತಿಸಿ ಹೊತ್ತಿಗೆ ಸರಿಯಾಗಿ ತಿಳಿಸಿದರೆ ಮಾತ್ರ ಎಷ್ಟು ಉತ್ತಮವಾದ ಬೀಜವಾದರೂ ಫಲಿಸುವುದು.

10. ಯಜಮಾನರ ಕರ್ತವ್ಯ

ಊರಿನ ಯಜಮಾನರು ಈ ವಿಷಯದಲ್ಲಿ ಮಾಡತಕ್ಕ ಕೆಲಸಗಳು ಕೆಲವುಂಟು. ರಾಸನ್ನು ನಿಲ್ಲಿಸಿ ಕಟ್ಟುವುದಕ್ಕೆ ನೆರಳಿರುವ ಕಡೆ ಒಂದು ಗಟ್ಟಿಯಾದ ಚೌಕಟ್ಟನ್ನು ಹಾಕಿಸುವುದು. ಕೆಲಸಕ್ಕೆ ಬಾರದ ಹೋರಿಗಳಿಗೆ ಪಶುವೈದ್ಯರಿಂದ ಬೀಜ ಒಡೆಸುವುದು. ಬೆದೆ ಕಂಡ ಕೂಡಲೇ ಯಾರಿಗೆ ದೂರವಾಣಿಯ ಮೂಲಕ ತಿಳಿಸಬೇಕೆಂಬುದನ್ನು ಹಾಲಿನ ಸಂಘದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಿಂದ ಬರೆಯಿಸುವುದು. ವರ್ಷಕ್ಕೊಂದು ಸಲ ಗೊಡ್ಡೆನಿಸಿಕೊಂಡ ರಾಸುಗಳನ್ನೆಲ್ಲ ಒಂದೆಡೆ ಸೇರಿಸಿ ಪರೀಕ್ಷೆ ಮಾಡಿಸುವುದು. ಈ ಕೊನೆಯದರಿಂದ ಎಷ್ಟೋ ಬಡವರ ರಾಸುಗಳು ಸಂತೆಯ ಪಾಲಾಗುವುದು ತಪ್ಪುವುದು.

ಇವೆಲ್ಲಕ್ಕೂ ಮೇಲಾದ ಇನ್ನೊಂದುಂಟು. ಕೊಟ್ಟಿಗೆಯಲ್ಲಿ ಹೆಚ್ಚು ಹೊತ್ತಿರುವವರು ಮನೆಯ ಹೆಂಗಸರು. ಹಿಂಡಿನ ಹಿಂದೆ ಇರುವವರು ದನ ಕಾಯುವ ಹುಡುಗರು. ಹಾಲು ಇಳಿದುದು ಕರೆಯುವವಳಿಗೆ ಮೊದಲು ತಿಳಿಯುವುದು. ಹಸುವು ನಿಂತುಕೊಟ್ಟುದು ಹುಡುಗನಿಗೆ ಮೊದಲು ಕಾಣುವುದು. ಇಂಥ ಮಾತನ್ನು ಆಡಲು ಸಂಕೋಚಪಟ್ಟು ಅವರು ಸುಮ್ಮನಾದರೆ ಮನೆಯ ಯಜಮಾನನಿಗೆ ತಿಳಿಯುವ ಹೊತ್ತಿಗೆ ಬೆದೆಯು ಆರಿರುವುದು. ಇದು ನಾಚಿಕೆಯ ವಿಷಯವಲ್ಲ, ಬೇಸಾಯದ ವಿಷಯ. ಈ ಲಕ್ಷಣಗಳನ್ನು ಅವರಿಗೆ ತಿಳಿಯಹೇಳಿ, ಕಂಡುದನ್ನು ಕಂಡ ಕೂಡಲೇ ಹೇಳುವಂತೆ ಧೈರ್ಯ ಕೊಡುವುದು ಯಜಮಾನನ ಕರ್ತವ್ಯ.

ಬೆದೆಯನ್ನು ನೋಡುವುದಕ್ಕೆ ಹಣ ಬೇಕಾಗಿಲ್ಲ, ಯಂತ್ರವೂ ಬೇಕಾಗಿಲ್ಲ. ನಸುಕಿನಲ್ಲಿ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಗೋಡೆಯ ಮೇಲೆ ಒಂದು ಇದ್ದಿಲ ಗೀಟು, ಇಷ್ಟರಿಂದಲೇ ವರ್ಷಕ್ಕೊಂದು ಕರುವು ಮನೆಗೆ ಬರುವುದು ಸಾಧ್ಯ. ಗೊಡ್ಡೆಂದು ಹಸುವಿನ ಕೊರಳಿನ ಹಗ್ಗವನ್ನು ಪರರ ಕೈಗೆ ಕೊಡುವ ಮುಂಚೆ ಪ್ರತಿಯೊಬ್ಬ ರೈತನೂ ಮೂರು ಸಂತೆಗಳ ಕಾಲ ಅದನ್ನು ಮೇಲೆ ಹೇಳಿದಂತೆ ನೋಡಿ, ಒಂದು ಸಲ ವೈದ್ಯರಿಗೆ ತೋರಿಸಲಿ. ಅನಂತರವೂ ಮಾರಬೇಕೆನಿಸಿದರೆ ಮಾರಲಿ. ಆದರೆ ಹಾಗೆ ನೋಡಿದ ಅನೇಕರಿಗೆ ಮಾರುವ ಪ್ರಸಂಗವೇ ಬಾರದು.